ಒಂಬತ್ತು ಬಾವುಟದ ಗಾಡಿ

9 ಜನವರಿ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಬೈಯಲೇಬೇಕೆಂದಿದ್ದರೆ ನಾಲ್ಕು ಸಾಲಿನಲ್ಲಿ ಮುಗಿಸಿ, ಉಳಿದ ಜಾಗದಲ್ಲಿ ನನ್ನವಳು ಹೇಗಿದ್ದಾಳೆ ಅನ್ನುವುದನ್ನು ಬರೆ. ಅವಳು ತನ್ನ ಕಾಗದದಲ್ಲಿ "ನಾನು ಚೆನ್ನಾಗಿದ್ದೇನೆ" ಎಂದು ಮೂರು ಸಲ ಬರೆದಿದ್ದಾಳೆ. ಒಂದೇ ಸಲ ಬರೆದಿದ್ದರೆ ನಂಬುತ್ತಿದ್ದೆ. ಹೆರಿಗೆ ವಾರ್ಡಿನ ಹಿರಿಯ ನರ್ಸಾದ ಅಕ್ಕನ ಮನೆಯಲ್ಲೇ ಬಸುರಿ ಹೆಂಡತಿಯನ್ನು ಬಿಟ್ಟು ಬಂದವನಿಗೆ ಇನ್ನೇನು ಭಯ ಎಂದು ಇಲ್ಲಿಯವರು ಕೇಳುತ್ತಾರೆ. ಭಯಪಡುವುದಕ್ಕೆ ಕಾರಣ ಬೇಕೇ, ಅಕ್ಕ? ನಿನಗೆ ನನ್ನ ಸ್ವಭಾವ ಗೊತ್ತು.

ಈ ಪರದೇಶದ ಕಚೇರಿಯಲ್ಲಿ ನಮ್ಮ ಕೋಣೆಯ ಕಿಟಕಿ ತೆರೆಯುವುದಿಲ್ಲ. ಕೆಳಗೆ ಟ್ರಾಮು ಹೋದಾಗ ಗಾಜು ನಡುಗುತ್ತದೆ, ಮೇಜಿನ ಮೇಲಿನ ಚಹಾದ ಲೋಟ ನಡುಗುತ್ತದೆ, ಅದರ ಜೊತೆಗೆ ನಾನೂ. ನನ್ನ ಮೇಲಧಿಕಾರಿಗೆ ನಾವಿಟ್ಟಿರುವ ಹೆಸರು ಅಲ್ಪವಿರಾಮ. ಏನು ಬರೆದುಕೊಟ್ಟರೂ ಒಂದು ಅಲ್ಪವಿರಾಮವನ್ನು ಎತ್ತಿ ಇನ್ನೊಂದು ಕಡೆ ಇಟ್ಟು, "ಹಾಂ, ಈಗ ಸರಿಯಾಯ್ತು" ಅನ್ನುತ್ತಾರೆ. ಕೆಟ್ಟವರಲ್ಲ, ಹೆದರುಪುಕ್ಕಲರು.

ನಿಮ್ಮ ಸಂಸ್ಥೆ ಮಾಡುವುದಾದರೂ ಏನು ಎಂದು ಕೇಳಿದ್ದೆಯಲ್ಲ. ಒಂಬತ್ತು ದೇಶಗಳು ತಮ್ಮ ಸಹಾಯದ ಹಣವನ್ನು ಒಂದೇ ಹುಂಡಿಗೆ ಹಾಕುತ್ತವೆ. ಹುಂಡಿ ನಮ್ಮ ಕೈಯಲ್ಲಿರುತ್ತದೆ. ಬೇರೆ ಬೇರೆಯಾಗಿ ಕೊಟ್ಟರೆ ಒಬ್ಬ ಕೊಟ್ಟ ಪೈಪಿಗೆ ಇನ್ನೊಬ್ಬ ಕೊಟ್ಟ ನಲ್ಲಿ ಕೂರುವುದಿಲ್ಲ, ಆದ್ದರಿಂದ ಒಟ್ಟಿಗೆ ಕೊಡಿ, ನಿಮ್ಮ ಆಸ್ಪತ್ರೆಯಂಥ ಆಸ್ಪತ್ರೆಗಳಿಗೆ ನಾವು ಸರಿಯಾಗಿ ತಲುಪಿಸುತ್ತೇವೆ ಎಂಬುದು ಮೂಲ ಮಾತು. ಒಳ್ಳೆಯ ಮಾತೇ. ಆದರೆ ಹುಂಡಿ ಒಂದೇ ಆದರೂ ಒಬ್ಬರಿಗೂ ಇನ್ನೊಬ್ಬರ ಕಣ್ಣಿನ ಮೇಲೆ ನಂಬಿಕೆಯಿಲ್ಲ. ಪ್ರತಿಯೊಬ್ಬರೂ ತಮ್ಮದೇ ತಂಡ ಕಳಿಸಿ ನೋಡಬೇಕು, ತಮ್ಮದೇ ವರದಿ ಬರೆಸಬೇಕು. ನೀನು ಬೈಯುವ ಆ ತಂಡಗಳೆಲ್ಲ ಹಾಗೆ ಬಂದವು.

ನಾನೊಂದು ಯೋಚನೆ ಮುಂದಿಟ್ಟಿದ್ದೇನೆ. ಒಂದೇ ಹುಂಡಿಗೆ ಒಂದೇ ಭೇಟಿ. ಒಂಬತ್ತು ಜನವೂ ಒಟ್ಟಿಗೆ ಹೋಗಿ, ಒಟ್ಟಿಗೆ ನೋಡಿ, ಒಂದೇ ವರದಿಗೆ ಸಹಿ ಹಾಕಲಿ. ಇದು ಗೆದ್ದರೆ ನನ್ನ ಕೆಲಸ ಕಾಯಂ. ಕಾಯಂ ಆದರೆ ಅವಳನ್ನೂ ಮಗುವನ್ನೂ ಇಲ್ಲಿಗೆ ಕರೆಸಿಕೊಳ್ಳಬಹುದು. ಸೋತರೆ ಜೂನ್ ತಿಂಗಳಲ್ಲಿ ಪೆಟ್ಟಿಗೆ ಕಟ್ಟಬೇಕು.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ
ಗುಂಡ


24 ಜನವರಿ

ಗುಂಡ,

ನಾಲ್ಕು ಸಾಲು ಬೈದಿದ್ದೇನೆ ಎಂದು ತಿಳಿದುಕೋ. ಬರೆಯಲು ಹೊತ್ತಿಲ್ಲ.

ಈ ತಿಂಗಳಲ್ಲೇ ಎರಡು ತಂಡ ಬಂದು ಹೋದವು. ಮೊದಲನೆಯವರಿಗೆ ಗೋಡೆಯ ಮೇಲೆ ನಕ್ಷೆ ಬೇಕಿತ್ತು, ಬರೆಸಿದೆವು. ಎರಡನೆಯವರಿಗೆ ಗೋಡೆಯ ಮೇಲೆ ಏನೂ ಇರಬಾರದಂತೆ, ಸೋಂಕಂತೆ, ಅಳಿಸಿದೆವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಡುವೆ ಸುಣ್ಣದ ಬಕೆಟ್ ಹಿಡಿದು ನಾನು.

ಅದಾದರೂ ಹೋಗಲಿ. ನಿನ್ನ ಹುಂಡಿ ನಮಗೊಂದು ಆಂಬುಲೆನ್ಸ್ ಕೊಟ್ಟಿದೆ. ಒಳ್ಳೆಯ ಗಾಡಿ, ಸುಳ್ಳು ಹೇಳಬಾರದು. ಎರಡೂ ಬದಿಗೆ ಒಂಬತ್ತು ಬಾವುಟ ಬರೆಸಿದ್ದಾರೆ. ಒಳಗೆ ಗ್ಲೂಕೋಸ್ ಬಾಟಲಿ ತೂಗುಹಾಕುವ ಕೊಕ್ಕೆ ಮುರಿದಿದೆ, ಹೊರಗೆ ಬಾವುಟ ಫಳಫಳ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಆದರೆ ಯಾವ ತಂಡ ಬಂದರೂ ಆ ಗಾಡಿ ಅವರ ಸೇವೆಗೆ ಹೋಗುತ್ತದೆ. ಹುಂಡಿಯ ಗಾಡಿ ಹುಂಡಿಯವರಿಗೆ ಸಿಗಬೇಕು ಎಂದು ಆದೇಶವಿದೆಯಂತೆ. ಡ್ರೈವರಣ್ಣ ಪ್ರತಿ ಸಲವೂ ನನ್ನ ಮುಖ ನೋಡದೆ, "ಸಿಸ್ಟರ್, ಹೋಗ್ಬರ್ತೀನಿ, ಯಾರಿಗೂ ಏನೂ ಆಗದೆ ಇರ್ಲಿ" ಎಂದು ಹೇಳಿ ಹೊರಡುತ್ತಾನೆ. ಆಗೆಲ್ಲ ನಾವು ನದಿಯಾಚೆಯ ಊರಿನ ಆಂಬುಲೆನ್ಸನ್ನು ಸಾಲ ಕೇಳುತ್ತೇವೆ. ಅವರದು ಹೋದಾಗ ಅವರು ನಮ್ಮದನ್ನು ಕೇಳುತ್ತಾರೆ. ಹೀಗೆ ನಡೆದಿದೆ ಸಂಸಾರ. ಇಲ್ಲಿಂದ ದೊಡ್ಡ ಆಸ್ಪತ್ರೆಗೆ ಎರಡು ಗಂಟೆಯ ದಾರಿ ಅನ್ನುವುದನ್ನು ನೆನಪಿಟ್ಟುಕೋ. ರಕ್ತ ಕೊಡಬೇಕೆಂದರೂ ಅಲ್ಲಿಗೇ, ಹೊಟ್ಟೆ ಕೊಯ್ದು ಮಗು ತೆಗೆಯಬೇಕೆಂದರೂ ಅಲ್ಲಿಗೇ.

ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ಕಾಲು ಸ್ವಲ್ಪ ಊದಿದೆ. ಬಸುರಿಯರಿಗೆ ಇದ್ದದ್ದೇ. ಭಾವನ ಚಪ್ಪಲಿ ಹಾಕಿಕೊಂಡು ಓಡಾಡುತ್ತಾಳೆ, ಅವರು ಶಾಲೆಗೆ ಹೊರಡುವ ಹೊತ್ತಿಗೆ ಮನೆಯಲ್ಲಿ ಚಪ್ಪಲಿಯ ಹುಡುಕಾಟ. ಉಪ್ಪು ಕಡಿಮೆ ಮಾಡಿಸಿದ್ದೇನೆ. ನನ್ನ ಲೆಕ್ಕದಲ್ಲಿ ಏಪ್ರಿಲ್ ಮೊದಲ ವಾರ.

ನಿನ್ನ ಯೋಚನೆ ಗೆಲ್ಲಲಿ. ಈ ಒಂಬತ್ತು ಜನ ವರ್ಷಕ್ಕೆ ಒಂದೇ ಸಲ ಬರುವಂತೆ ಮಾಡಿದರೆ ನಿನ್ನ ಫೋಟೋಗೆ ದಿನಾ ದೀಪ ಹಚ್ಚುತ್ತೇನೆ. ಬದುಕಿರುವವರ ಫೋಟೋಗೆ ಹಚ್ಚಬಾರದು ಅಂದರೆ ಮೇಣದಬತ್ತಿಯಾದರೂ ಸರಿ.

ಅಕ್ಕ


11 ಫೆಬ್ರವರಿ

ಅಕ್ಕಾ,

ಗೆದ್ದೆ! ಮೇಣದಬತ್ತಿ ತಂದಿಡು.

ಮೂರು ದಿನ ಚರ್ಚೆ ನಡೆಯಿತು. ಒಬ್ಬರು ತಮ್ಮ ಸಂಸತ್ತು ಒಪ್ಪುವುದಿಲ್ಲ ಅಂದರು, ಇನ್ನೊಬ್ಬರು ಪಕ್ಕದ ದೇಶದವರ ಜೊತೆ ಒಂದೇ ಕಾರಿನಲ್ಲಿ ಕೂರುವುದಿಲ್ಲ ಅಂದರು. ಕೊನೆಗೆ ನಿನ್ನ ಸುಣ್ಣದ ಬಕೆಟ್ಟಿನ ಕಥೆ ಹೇಳಿದೆ. ನಕ್ಷೆ ಬರೆಸಿ ಅಳಿಸಿದ್ದು. ಎಲ್ಲರೂ ನಕ್ಕರು. ನಕ್ಕ ಮೇಲೆ ಬೇಡ ಅನ್ನುವುದು ಕಷ್ಟ ನೋಡು, ಒಪ್ಪಿದರು. ಅಲ್ಪವಿರಾಮದವರು ನನ್ನ ಬೆನ್ನು ತಟ್ಟಿ, ಟಿಪ್ಪಣಿಯಲ್ಲಿ ಒಂದೇ ಒಂದು ಚುಕ್ಕೆಯನ್ನೂ ಮುಟ್ಟದೆ ಸಹಿ ಹಾಕಿದರು. ಅವರ ಜೀವನದಲ್ಲಿ ಇದೇ ಮೊದಲಂತೆ.

ಮಾರ್ಚ್ 20ರಿಂದ 23. ಮೊದಲ ಜಂಟಿ ಭೇಟಿ ನಮ್ಮ ಜಿಲ್ಲೆಗೇ. ನಾನೇ ಸೂಚಿಸಿದೆ. ಹೆರಿಗೆಗೆ ಇನ್ನೂ ಎರಡು ವಾರ ಇರುತ್ತದಲ್ಲ, ಅದನ್ನೂ ಲೆಕ್ಕ ಹಾಕಿಯೇ ದಿನ ಗೊತ್ತುಮಾಡಿದ್ದು. ನಿನ್ನ ವಾರ್ಡನ್ನು ಒಂಬತ್ತು ದೇಶ ಒಟ್ಟಿಗೆ ನೋಡಲಿ. ನಾನು ಮಾತ್ರ ಬರುವ ಹಾಗಿಲ್ಲ, ಇಲ್ಲಿ ಕೂತು ವರದಿಯ ಕರಡು ಸಿದ್ಧಮಾಡಬೇಕು. ಏಪ್ರಿಲ್ ಮೊದಲ ವಾರಕ್ಕೆ ರಜೆ ಕೇಳಿದ್ದೇನೆ.

ವ್ಯವಸ್ಥೆಯ ಸೂಚನೆಗಳನ್ನು ಬರೆದದ್ದೂ ನಾನೇ. ಹಿಂದೊಮ್ಮೆ ಎಲ್ಲೋ ಒಂದು ಕಾರು ದಾರಿ ತಪ್ಪಿ, ಅದರಲ್ಲಿದ್ದವರು ಹನ್ನೆರಡು ಪುಟ ದೂರು ಬರೆದಿದ್ದರು. ಆದ್ದರಿಂದ ಈ ಸಲ ಗಾಡಿಗಳೆಲ್ಲ ಒಂದರ ಹಿಂದೆ ಒಂದು ಹೋಗಬೇಕು, ಸಾಲು ಎಲ್ಲೂ ತುಂಡಾಗಬಾರದು, ನಡುವೆ ಬೇರೆ ವಾಹನ ಬಿಡಬಾರದು ಎಂದು ಕಟ್ಟುನಿಟ್ಟಾಗಿ ಬರೆದಿದ್ದೇನೆ. ಮದುವೆ ದಿಬ್ಬಣದ ಹಾಗಿರುತ್ತದೆ, ನೀನು ಬಾಗಿಲಲ್ಲಿ ನಿಂತು ನೋಡು.

ಅವಳ ಕಾಲಿಗೆ ಇಲ್ಲಿಂದ ಒಂದು ಜೊತೆ ದೊಡ್ಡ ಚಪ್ಪಲಿ ಕಳಿಸುತ್ತಿದ್ದೇನೆ. ಭಾವ ಬರಿಗಾಲಲ್ಲಿ ಶಾಲೆಗೆ ಹೋಗುವುದು ಬೇಡ. ಮಗುವಿಗೆ ಉಣ್ಣೆಯ ಟೋಪಿಯನ್ನೂ ಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗಬೇಡ.

ಗುಂಡ


26 ಫೆಬ್ರವರಿ

ಗುಂಡ,

ನಿನ್ನ ಸೂಚನೆಗಳು ಜಿಲ್ಲಾ ಸಾಹೇಬರ ಕಚೇರಿಯಿಂದ ಸುತ್ತೋಲೆಯಾಗಿ ನಮ್ಮ ಮೇಜಿಗೆ ಬಂದಿವೆ. ಅಲ್ಲಿಂದ ಹೊರಟಾಗ ನಿನ್ನ ಮಾತು ಇಲಿಯಷ್ಟಿತ್ತೇನೋ, ಇಲ್ಲಿಗೆ ಬರುವಷ್ಟರಲ್ಲಿ ಆನೆಯಾಗಿದೆ.

ಒಂಬತ್ತು ದೇಶ ಅಂದರೆ ಒಂಬತ್ತು ಜನ ಅಂದುಕೊಂಡಿದ್ದೆ. ಅವರ ಜೊತೆಗೆ ಸಹಾಯಕರು, ಮಾತು ತಿಳಿಸುವವರು, ಫೋಟೋ ತೆಗೆಯುವವರು, ನಮ್ಮ ಕಡೆಯ ಸಾಹೇಬರು, ಅವರ ಸಹಾಯಕರು. ಜಿಲ್ಲೆಯಲ್ಲಿರುವ ಹುಂಡಿಯ ಗಾಡಿಗಳೆಲ್ಲ ಆ ನಾಲ್ಕು ದಿನ ಅವರಿಗೆ. ಎಲ್ಲವೂ, ಗುಂಡ. ನಮ್ಮ ಆಂಬುಲೆನ್ಸ್, ನದಿಯಾಚೆಯವರ ಆಂಬುಲೆನ್ಸ್, ಲಸಿಕೆಯ ಜೀಪು. ಮುಂಚೆ ಒಂದೊಂದು ತಂಡ ಒಂದೊಂದು ಸಲ ಬರುತ್ತಿತ್ತು, ಒಂದು ಗಾಡಿ ಹೋದರೆ ಇನ್ನೊಂದು ಉಳಿಯುತ್ತಿತ್ತು. ಒಂದೇ ಸಲ ಬನ್ನಿ ಎಂದು ನೀನು ಕರೆದೆ, ನಾನೂ ಹಿಗ್ಗಿದೆ. ಗಾಡಿಗಳೂ ಒಂದೇ ಸಲ ಹೋಗುತ್ತವೆ ಅನ್ನುವುದು ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು.

ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ಜಿಲ್ಲಾ ಸಾಹೇಬರಿಗೆ ಫೋನು ಮಾಡಿದರು. "ಮೇಲಿನ ಆದೇಶ, ಡಾಕ್ಟ್ರೇ. ಒಂದು ಗಾಡಿ ಕಡಿಮೆ ಆದ್ರೂ ನನ್ನ ತಲೆ ಹೋಗುತ್ತೆ" ಅಂದರಂತೆ. ಮೇಲೆ ಅಂದರೆ ಯಾರು? ಮೇಲೆ ಇರುವವನು ನನ್ನ ತಮ್ಮ. ಚಿಕ್ಕವನಿದ್ದಾಗ ಏಣಿ ಹತ್ತಿದರೆ ಇಳಿಯಲು ಹೆದರಿ ಅಳುತ್ತಿದ್ದವನು.

ಆದ್ದರಿಂದ ಕೇಳುತ್ತೇನೆ. ಒಂದೇ ಒಂದು ಸಾಲು ಬರೆಸು. ಹೆರಿಗೆ ಆಸ್ಪತ್ರೆಯ ಆಂಬುಲೆನ್ಸನ್ನು ಮುಟ್ಟಬಾರದು ಎಂದು. ಯಾವ ಬಸುರಿಗೆ ಯಾವ ಗಳಿಗೆಯಲ್ಲಿ ಬೇಕಾಗುತ್ತದೆ ಎಂದು ಹೇಳಲಾಗದು. ನಾನು ಸುಮ್ಮನೆ ಗೊಣಗುತ್ತಿಲ್ಲ, ಇದನ್ನು ಎರಡು ಸಲ ಓದು.

ನಿನ್ನ ಹೆಂಡತಿ ಊಟ ಮಾಡುತ್ತಾಳೆ, ನಗುತ್ತಾಳೆ. ಚಪ್ಪಲಿ ಬಂದಿದೆ. ಭಾವ ಅದನ್ನು ತಾವೇ ಹಾಕಿಕೊಂಡು ನೋಡಿದರು.

ಅಕ್ಕ


8 ಮಾರ್ಚ್

ಅಕ್ಕಾ,

ಎರಡು ಸಲ ಅಲ್ಲ, ನಾಲ್ಕು ಸಲ ಓದಿದೆ. ಸಿಟ್ಟು ಬಂತು, ಆಮೇಲೆ ಬೇಸರವಾಯಿತು.

ಒಂಬತ್ತು ಬಾವುಟಗಳನ್ನು ಒಂದು ಮೇಜಿಗೆ ಕೂರಿಸುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಿಲ್ಲ. ಯಾರು ಯಾವ ಕಾರಿನಲ್ಲಿ ಎಂಬುದಕ್ಕೇ ಎರಡು ವಾರ ಹಿಡಿಯಿತು. ನಿನ್ನ ಮಾತನ್ನು ಅಲ್ಪವಿರಾಮದವರ ಬಳಿ ಎತ್ತಿದೆ. ಕನ್ನಡಕ ತೆಗೆದು ಒರೆಸುತ್ತಾ, "ಒಂದು ಆಸ್ಪತ್ರೆಗೆ ಬಿಟ್ಟರೆ ಎಲ್ಲರೂ ಕೇಳ್ತಾರಲ್ಲ? ಗಾಡಿಗಳ ಪಟ್ಟಿ ಒಂಬತ್ತು ಕಡೆ ಸಹಿಯಾಗಿದೆ. ಈಗ ಮುಟ್ಟಿದ್ರೆ ಇಡೀ ಗೋಪುರ ಬೀಳುತ್ತೆ. ನಾಲ್ಕು ದಿನ ತಾನೇ?" ಅಂದರು. ನಾನು ಹೆಚ್ಚು ಒತ್ತಾಯಿಸಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಕಾಯಂ ಆದೇಶದ ಕಾಗದವೂ ಅವರ ಅದೇ ಮೇಜಿನ ಮೇಲಿತ್ತು.

ನಾಲ್ಕು ದಿನ ಹೇಗಾದರೂ ಹೊಂದಿಸಿಕೋ, ಅಕ್ಕ. ನೀನು ಎಂತೆಂಥದನ್ನೋ ನಿಭಾಯಿಸಿದವಳು. ವರ್ಷವಿಡೀ ನಡೆಯುತ್ತಿದ್ದ ಕಾಟ ತಪ್ಪುವುದಕ್ಕೆ ನಾಲ್ಕು ದಿನದ ಬೆಲೆ ಹೆಚ್ಚಲ್ಲ. ಅವಳಿಗೆ ಇನ್ನೂ ಸಮಯವಿದೆ, ಅವಳದೇ ಚಿಂತೆಯಾಗಿದ್ದರೆ ನೀನು ಬರೆಯುತ್ತಿದ್ದೆ. ಹಾಗೇನಾದರೂ ಇದ್ದರೆ ಹೇಳಿಬಿಡು.

ವಾರ್ಡಿನಲ್ಲಿ ಅವರೆದುರು ವ್ಯಂಗ್ಯ ಮಾಡಬೇಡ, ದಮ್ಮಯ್ಯ.

ಗುಂಡ


17 ಮಾರ್ಚ್

ಗುಂಡ,

ಹೇಳಿಬಿಡು ಅಂದೆಯಲ್ಲ, ಹೇಳುತ್ತೇನೆ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಏನಾಗಬೇಕೋ ಅದು ಆಗಿರುತ್ತದೆ ಎಂದು ಗೊತ್ತು. ತಂತಿ ಕೊಡಲು ಅಂಚೆ ಕಚೇರಿಯವರೆಗೂ ಹೋಗಿ ವಾಪಸು ಬಂದೆ. "ಬಿಪಿ ಏರಿದೆ" ಎಂದು ಎರಡು ಪದ ಕಳಿಸಿದರೆ ನೀನು ಅಲ್ಲಿ ಕೂತು ಏನು ಮಾಡುತ್ತೀಯ? ಎದೆ ಹೊಡೆದುಕೊಳ್ಳುತ್ತೀಯ ಅಷ್ಟೆ.

ಜನವರಿಯಿಂದಲೇ ಅವಳ ಬಿಪಿ ಏರುತ್ತಿದೆ. ಊದಿದ ಕಾಲು ಬರೀ ಬಸುರಿಯ ಕಾಲಲ್ಲ. "ಅಕ್ಕಾ, ಅವರಿಗೆ ಬರೀಬೇಡಿ. ಕೆಲಸ ಬಿಟ್ಟು ಓಡಿ ಬರ್ತಾರೆ, ಆಮೇಲೆ ಜೀವನ ಪೂರ್ತಿ ನನ್ನಿಂದ ಹೋಯ್ತು ಅಂತ ಮನಸ್ಸಲ್ಲೇ ಇಟ್ಕೊಳ್ತಾರೆ" ಎಂದು ನನ್ನ ಕೈಹಿಡಿದು ಮಾತು ತೆಗೆದುಕೊಂಡಳು. ಮಾತ್ರೆಯಲ್ಲಿ ಹತೋಟಿಗೆ ಬಂದಿತ್ತು. ಹಾಗೇ ಇರುತ್ತದೆ ಎಂದು ನಾನೂ ನಂಬಿದೆ. ನೂರಾರು ಬಸುರಿಯರಿಗೆ ಮುಚ್ಚಿಡಬೇಡಿ ಎಂದು ಬುದ್ಧಿ ಹೇಳುವವಳು ಮನೆಯಲ್ಲಿ ಮುಚ್ಚಿಟ್ಟೆ.

ನಿನ್ನೆಯಿಂದ ಮತ್ತೆ ಏರಿದೆ. ಈಗಲೇ ದೊಡ್ಡ ಆಸ್ಪತ್ರೆಗೆ ಸೇರಿಸಿಬಿಡಿ, ಬಸ್ಸಿನಲ್ಲಿ ಮಾತ್ರ ಬೇಡ ಎಂದು ಡಾಕ್ಟರಮ್ಮ ಹೇಳಿದರು. ಆಂಬುಲೆನ್ಸಿಗೆ ಹೋದರೆ, ಅದು ಬಾವುಟಕ್ಕೆ ಹೊಸ ಬಣ್ಣ ಹಚ್ಚಿಸಿಕೊಳ್ಳಲು ಹೋಗಿದೆ. ಬಾಡಿಗೆ ಕಾರಿನವರನ್ನು ಕೇಳಿದರೆ, ಅವರನ್ನೂ ತಂಡಕ್ಕೆ ಗೊತ್ತುಮಾಡಿದ್ದಾರೆ. ಭಾವ ಸೈಕಲ್ ತೆಗೆದುಕೊಂಡು ಊರೆಲ್ಲಾ ಸುತ್ತುತ್ತಿದ್ದಾರೆ. ಅವಳನ್ನು ವಾರ್ಡಿಗೇ ಸೇರಿಸಿಕೊಂಡಿದ್ದೇನೆ, ನನ್ನ ಕಣ್ಣೆದುರು ಇರಲಿ ಎಂದು. ಕ್ಷಮಿಸು.

ಅಕ್ಕ


ತಂತಿ, 23 ಮಾರ್ಚ್

ಹೆಣ್ಣು ಮಗು. ತಾಯಿ ಮಗು ಕ್ಷೇಮ. ಗಾಬರಿ ಬೇಡ. ಅಕ್ಕ.


2 ಏಪ್ರಿಲ್

ಅಕ್ಕಾ, ನನ್ನ ಅಕ್ಕಾ,

ತಂತಿ ಮೊದಲು ಬಂತು, ನಿನ್ನ 17ರ ಕಾಗದ ಆಮೇಲೆ. ದೇವರು ದೊಡ್ಡವನು, ತಿರುಗುಮುರುಗಾಗಿ ಬಂದಿದ್ದರೆ ನಾನು ಈ ಆರನೇ ಮಹಡಿಯಲ್ಲೇ ಸತ್ತು ಬೀಳುತ್ತಿದ್ದೆ. ತಂತಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಒಂದು ಸಾಲು ಕಾಗದ, ಒಮ್ಮೆ ತಂತಿ, ಹೀಗೆ ಓದಿ ಮುಗಿಸಿದೆ. ನಿನ್ನ ಮೇಲೆ ಸಿಟ್ಟಿದೆ, ಬಂದಮೇಲೆ ಜಗಳವಾಡುತ್ತೇನೆ. ಸದ್ಯಕ್ಕೆ ನಿನ್ನ ಕಾಲಿಗೆ ಬೀಳಬೇಕು ಅನಿಸುತ್ತಿದೆ. ಅಂತೂ ಗಾಡಿ ಸಿಕ್ಕಿತಲ್ಲ! ಹೇಗೆ ಸಿಕ್ಕಿತು? ಮಗು ಯಾರ ಹಾಗಿದೆ? ತಂತಿಯ ನಂತರ ಒಂದಕ್ಷರವೂ ಇಲ್ಲ. ಬಾಣಂತಿಯ ಆರೈಕೆಯಲ್ಲಿ ಮುಳುಗಿದ್ದೀಯ ಎಂದುಕೊಂಡಿದ್ದೇನೆ.

ಇಲ್ಲಿ ಎಲ್ಲರೂ ಸಂತೋಷವಾಗಿದ್ದಾರೆ. ಒಂಬತ್ತು ದೇಶ ಒಂದೇ ವರದಿಗೆ ಸಹಿ ಹಾಕಲು ಒಪ್ಪಿವೆ. ಹೀಗಾದದ್ದು ಇದೇ ಮೊದಲು. ನನ್ನ ರಜೆಯನ್ನು ಮೇ ತಿಂಗಳಿಗೆ ಮುಂದೂಡಿ, ಅದರ ಬದಲು ಕಾಯಂ ಆದೇಶ ಕೈಗೆ ಕೊಟ್ಟರು.

ಇನ್ನೊಂದು ಸುದ್ದಿ. ವರದಿಯ ಮುಖಪುಟಕ್ಕೆ ಫೋಟೋ ಆರಿಸುವಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮ ಊರಿನ ಸೇತುವೆ! ಅದರ ಈ ತುದಿಯಲ್ಲಿ ನಿನ್ನ ಆಂಬುಲೆನ್ಸ್. ಒಂಬತ್ತು ಬಾವುಟವೂ ಬಿಸಿಲಿಗೆ ಹೊಳೆಯುತ್ತಿವೆ. ಗಾಡಿಯ ಮುಂದೆ ಒಬ್ಬ ಮನುಷ್ಯ ಕೈಮುಗಿದು ನಿಂತಿದ್ದಾನೆ, ಕಣ್ಣಲ್ಲಿ ನೀರು. ಅಲ್ಪವಿರಾಮದವರು "ಕೃತಜ್ಞತೆ" ಎಂದು ಒಂದೇ ಪದದ ಶೀರ್ಷಿಕೆ ಕೊಟ್ಟರು, ಅದರಲ್ಲಿ ಅಲ್ಪವಿರಾಮ ಹಾಕಲು ಜಾಗವೇ ಇಲ್ಲ.

ಆ ಮನುಷ್ಯ ಯಾರು, ಅಕ್ಕ? ಪರಿಚಯದ ಮುಖದ ಹಾಗಿದೆ. ಗಾಡಿಯ ಒಳಗೆ ಯಾರಿದ್ದರು? ನಮ್ಮ ಊರಿನವರ ಹೆಸರು ಸೇರಿಸಬಹುದೇ ಎಂದು ಕೇಳುತ್ತಿದ್ದಾರೆ.

ಗುಂಡ


16 ಏಪ್ರಿಲ್

ಗುಂಡ,

ಈ ಕಾಗದವನ್ನು ಬರೆಯಬಾರದು ಎಂದುಕೊಂಡಿದ್ದೆ. ನೀನು ಮೇ ತಿಂಗಳಲ್ಲಿ ಬರುತ್ತೀಯ, ಮಗುವನ್ನು ಎತ್ತಿಕೊಳ್ಳುತ್ತೀಯ, ಒಂದು ನಾಲ್ಕು ದಿನ ಸಂತೋಷವಾಗಿರು, ಆಮೇಲೆ ಎಂದಾದರೂ ಹೇಳಿದರಾಯಿತು ಎಂದು ಸುಮ್ಮನಿದ್ದೆ. ನೀನು ಕೇಳಿಬಿಟ್ಟೆ.

ಅವನು ದರ್ಜಿ. ಪೇಟೆ ಬೀದಿಯ ತಿರುವಿನಲ್ಲಿ ಮೂರು ಮೆಟ್ಟಿಲಿನ ಅಂಗಡಿ. ನಿನ್ನ ಮದುವೆಯ ಕೋಟು ಹೊಲಿದವನು.

ಗಾಡಿಯೊಳಗೆ ನಾವಿದ್ದೆವು. ಮಂಚದ ಮೇಲೆ ಅವನ ಹೆಂಡತಿ, ಕೆಳಗೆ ಹಾಸಿಗೆ ಹಾಕಿ ನಿನ್ನ ಹೆಂಡತಿ, ನಡುವೆ ಮೊಣಕಾಲೂರಿ ನಾನು.

ಅದು ಭೇಟಿಯ ಮೂರನೆಯ ದಿನ. ಅಲ್ಲಿಯವರೆಗೂ ಭಾವನಿಗೆ ಎಲ್ಲೂ ಗಾಡಿ ಸಿಕ್ಕಿರಲಿಲ್ಲ. ದರ್ಜಿಯ ಹೆಂಡತಿಗೆ ಬೆಳಿಗ್ಗೆ ಹೆರಿಗೆಯಾಯಿತು, ಗಂಡು, ಸುಸೂತ್ರ. ಆಮೇಲೆ ರಕ್ತ ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ಒತ್ತಿ ಹಿಡಿದೆ. ಡಾಕ್ಟರಮ್ಮನನ್ನು ತಂಡದವರಿಗೆ ಅಂಕಿಅಂಶ ವಿವರಿಸಲು ಕರೆದುಕೊಂಡು ಹೋಗಿದ್ದರು. ಅದೇ ಹೊತ್ತಿಗೆ ಪಕ್ಕದ ಮಂಚದಿಂದ ನಿನ್ನ ಹೆಂಡತಿ, "ಅಕ್ಕಾ, ತಲೆ ಒಡೆದುಹೋಗ್ತಿದೆ, ನೀವು ಇಬ್ಬಿಬ್ಬರಾಗಿ ಕಾಣ್ತಿದೀರಿ" ಅಂದಳು. ಅದರ ಅರ್ಥ ನನಗೆ ಗೊತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಫಿಟ್ಸ್ ಬರುತ್ತದೆ ಎಂದು.

ಆಗ ನಮ್ಮದೇ ಆಂಬುಲೆನ್ಸ್ ಬಾಗಿಲಿಗೆ ಬಂದು ನಿಂತಿತು. ತಂಡದ ಒಬ್ಬ ಹಿರಿಯ ಹೆಂಗಸಿಗೆ ಹೊಟ್ಟೆ ಕೆಟ್ಟಿತ್ತು, ಅವರನ್ನು ಕರೆತಂದಿದ್ದರು. ಜೊತೆಗಿದ್ದ ನಮ್ಮ ಕಡೆಯ ಅಧಿಕಾರಿ, "ಗಾಡಿ ಮೇಡಂ ಜೊತೆಗೇ ಇರ್ಬೇಕು, ಆರ್ಡರ್ ಇದೆ" ಅಂದ. ನಾನು ಅವನನ್ನು ಬಿಟ್ಟು ಆ ಹೆಂಗಸಿಗೇ ಕೈಸನ್ನೆಯಲ್ಲಿ ಎರಡು ಮಂಚ ತೋರಿಸಿದೆ. ಮಾತು ತಿಳಿಸುವ ಹುಡುಗಿ ಬಾಯಿ ತೆರೆಯುವ ಮುಂಚೆಯೇ ಅವರು ಹೊಟ್ಟೆ ಹಿಡಿದುಕೊಂಡು ಎದ್ದು ನಿಂತು, ಗಾಡಿಯ ಕಡೆ ಕೈ ತೋರಿಸಿ "ಹೋಗಿ, ಹೋಗಿ" ಎಂಬಂತೆ ಏನೋ ಕೂಗಿದರು. "ನನ್ನನ್ನು ಯಾಕೆ ಮೊದಲೇ ಕೇಳಲಿಲ್ಲ?" ಅಂದರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದನ್ನು ಅಂದು ಕಣ್ಣಾರೆ ಕಂಡೆ. ಅವರಲ್ಲಿ ಯಾರನ್ನು ಕೇಳಿದ್ದರೂ ಕೊಡುತ್ತಿದ್ದರೇನೋ. ಕೇಳಲು ನಾವೆಲ್ಲರೂ ಹೆದರಿದೆವು. ನೀನೂ.

ಸೇತುವೆಗೆ ಬಂದೆವು. ಒಂದೇ ಗಾಡಿ ಹಿಡಿಯುವ ಸೇತುವೆ ಎಂದು ನಿನಗೆ ಗೊತ್ತು, ಈಜು ಕಲಿತದ್ದು ಅದರ ಕೆಳಗೇ. ಆಚೆಯಿಂದ ನಿನ್ನ ದಿಬ್ಬಣ ಬರುತ್ತಿತ್ತು. ಪೊಲೀಸಿನವನು ಕೈ ಅಡ್ಡ ಹಿಡಿದ. ಸಾಲು ತುಂಡಾಗಬಾರದು ಎಂದು ಆದೇಶ. ಮೊದಲ ಕಾರು ಸೇತುವೆಯ ನಡುವೆ ನಿಂತಿತು. ಹುಂಡಿಯ ಹಣದಲ್ಲಿ ಕಟ್ಟಿದ ನೀರಿನ ಪಂಪ್ ಮನೆ ಅಲ್ಲಿಂದ ಚೆನ್ನಾಗಿ ಕಾಣುತ್ತದಂತೆ. ಎಲ್ಲರೂ ಇಳಿದರು, ನೋಡಿದರು, ಪ್ರಶ್ನೆ ಕೇಳಿದರು. ಹಿಂದೆ ಗಾಡಿಗಳು ಕಣ್ಣು ಹರಿಯುವವರೆಗೂ ನಿಂತಿದ್ದವು.

ನಾನು ಇಳಿಯುವ ಹಾಗಿರಲಿಲ್ಲ. ನನ್ನ ಮುಷ್ಟಿ ದರ್ಜಿಯ ಹೆಂಡತಿಯ ಹೊಟ್ಟೆಯ ಮೇಲಿತ್ತು, ತೆಗೆದರೆ ರಕ್ತ ಹರಿಯುತ್ತಿತ್ತು. ಒಳಗಿನಿಂದಲೇ ಗಂಟಲು ಹರಿಯುವಂತೆ ಕೂಗಿದೆ. "ಐದು ನಿಮಿಷ ಸಿಸ್ಟರ್, ಐದೇ ನಿಮಿಷ" ಎಂದು ಪೊಲೀಸಿನವನು ಹೇಳುತ್ತಲೇ ಇದ್ದ. ಡ್ರೈವರಣ್ಣ ಹಾರನ್ ಒತ್ತಿದರೆ ಬೈದರು. ಮುಂದೆ ಕೂತಿದ್ದ ದರ್ಜಿ ಕೆಳಗಿಳಿದು ಗಾಡಿಯ ಮುಂದೆ ನಿಂತು ಅವರೆಲ್ಲರಿಗೆ ಕೈಮುಗಿದ. "ದಾರಿ ಬಿಡಿ ಸ್ವಾಮಿ, ದಾರಿ ಬಿಡಿ" ಎಂದು. ಅವರಿಗೆ ಭಾಷೆ ಬಾರದು. ನಕ್ಕು ಕೈಬೀಸಿದರು. ಒಬ್ಬ ಕ್ಯಾಮೆರಾ ಎತ್ತಿದ. ಆಗ ತೆಗೆದದ್ದು ನಿನ್ನ ಮುಖಪುಟ.

ಕೊನೆಗೆ ನಾವು ಸೇತುವೆ ದಾಟಿದಾಗ ನನ್ನ ಮುಷ್ಟಿಯ ಕೆಳಗೆ ಅವಳು ಇರಲಿಲ್ಲ. ಆದರೂ ದೊಡ್ಡ ಆಸ್ಪತ್ರೆಯವರೆಗೂ ಕೈ ತೆಗೆಯಲಿಲ್ಲ, ಮುಂದೆ ಕೂತಿದ್ದ ಅವನಿಗೆ ತಿಳಿಯದಿರಲಿ ಎಂದು. ನಿನ್ನ ಹೆಂಡತಿಗೆ ಆಸ್ಪತ್ರೆಯ ಬಾಗಿಲಲ್ಲಿ ಫಿಟ್ಸ್ ಬಂತು. ಅಲ್ಲಿಯವರು ಹಿಡಿದುಕೊಂಡರು, ಕೊಯ್ದು ಮಗು ತೆಗೆದರು. ಇನ್ನರ್ಧ ಗಂಟೆ ತಡವಾಗಿದ್ದರೆ ನಾನು ಬೇರೆ ತಂತಿ ಕಳಿಸಬೇಕಿತ್ತು.

ಈಗ ಅವಳು ಎರಡು ಕೂಸಿಗೆ ಹಾಲು ಕೊಡುತ್ತಿದ್ದಾಳೆ. ನಾನು ಹೇಳಿದ್ದಲ್ಲ, ಎದ್ದು ಕೂರುವಂತಾದ ದಿನವೇ ದರ್ಜಿಯ ಕೂಸನ್ನು ತಾನಾಗಿ ಕೇಳಿ ತರಿಸಿಕೊಂಡಳು. ದರ್ಜಿ ದಿನಾ ಸಂಜೆ ಮಗನನ್ನು ನೋಡಲು ಬರುತ್ತಾನೆ. "ನೀವು ತುಂಬಾ ಪ್ರಯತ್ನ ಪಟ್ರಿ ಸಿಸ್ಟರ್, ನಿಮ್ಮ ಋಣ ತೀರಿಸಕ್ಕಾಗಲ್ಲ" ಎಂದು ನನಗೆ ಕೈಮುಗಿಯುತ್ತಾನೆ. ಆ ಸಾಲು ಯಾಕೆ ತುಂಡಾಗಬಾರದಿತ್ತು, ಅದನ್ನು ಯಾರು ಬರೆದರು ಎಂದು ಅವನಿಗೆ ಗೊತ್ತಿಲ್ಲ. ನಾನು ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ, ಹೇಳದೆ ಅವನ ಮುಖ ನೋಡುವ ಧೈರ್ಯವೂ ಇಲ್ಲ.

ಹೆಸರು ಸೇರಿಸಬಹುದೇ ಎಂದು ಕೇಳಿದೆಯಲ್ಲ. ನೀನೇ ಯೋಚಿಸು.

ಅಕ್ಕ


29 ಏಪ್ರಿಲ್

ಅಕ್ಕಾ,

ನಿನ್ನ ಕಾಗದವನ್ನು ಒಮ್ಮೆ ಮಾತ್ರ ಓದಿದೆ. ಎರಡನೆಯ ಸಲ ಓದಲು ಆಗಲಿಲ್ಲ.

ಅಲ್ಪವಿರಾಮದವರ ಕೋಣೆಗೆ ಹೋಗಿ ಆ ಮನುಷ್ಯ ಯಾರೆಂದು ಹೇಳಿದೆ. ಫೋಟೋವನ್ನು ಕೈಗೆತ್ತಿಕೊಂಡು ನೋಡಿದರು. ಅವರ ಕಣ್ಣೂ ಒದ್ದೆಯಾಯಿತು, ಸುಳ್ಳು ಹೇಳಲಾರೆ. ಆಮೇಲೆ ಮೆಲ್ಲಗೆ, "ಶೀರ್ಷಿಕೆ ಬದಲಾಯಿಸೋಣ. ಚಿತ್ರ ಮಾತ್ರ ಚೆನ್ನಾಗಿದೆ" ಅಂದರು. ಆಗ ಇನ್ನೊಂದು ವಿಷಯ ತಿಳಿಯಿತು. ಹೊಟ್ಟೆ ಕೆಟ್ಟಿತ್ತಲ್ಲ, ಆ ಹಿರಿಯ ಹೆಂಗಸು ತಮ್ಮ ಟಿಪ್ಪಣಿಯಲ್ಲಿ ಅಂದಿನದನ್ನೆಲ್ಲ ಬರೆದು ಕೊಟ್ಟಿದ್ದರು. ಜಂಟಿ ವರದಿಯಲ್ಲಿ ಒಬ್ಬರ ಅಭಿಪ್ರಾಯ ಬೇರೆಯಾಗಿ ಬರಬಾರದೆಂದು ಅದನ್ನು ತೆಗೆದುಹಾಕಿದ್ದಾರೆ. ಒಂದೇ ವರದಿ ಇರಬೇಕು ಎಂದವನು ನಾನೇ.

ನಾಳೆ ಒಂಬತ್ತು ಜನರೂ ಸಹಿಗೆ ಸೇರುತ್ತಾರೆ. ಅವರ ಮುಂದೆ ಫೋಟೋ ಇಟ್ಟು, ಒಳಗೆ ಯಾರಿದ್ದರು, ಹೊರಗೆ ನಿಂತವನು ಏನು ಕೇಳುತ್ತಿದ್ದ ಎಂದು ಹೇಳುತ್ತೇನೆ. ಆ ಸೂಚನೆ ಬರೆದ ಕೈ ನನ್ನದು ಎಂದೂ ಹೇಳುತ್ತೇನೆ. ರೋಗಿಗಳನ್ನು ಒಯ್ಯುವ ಗಾಡಿಯನ್ನು ಯಾರು ಬಂದರೂ ಯಾವ ದಿನವೂ ಮುಟ್ಟಬಾರದು ಎಂಬ ಒಂದು ಸಾಲು ಸೇರದ ಹೊರತು ಈ ವರದಿಗೆ ಸಹಿ ಬೇಡ ಎಂದು ಕೇಳುತ್ತೇನೆ. ನೀನು ಫೆಬ್ರವರಿಯಲ್ಲೇ ಕೇಳಿದ ಸಾಲು. ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಕೇಳದೆ ಇರುವುದು ಸಾಕಾಗಿದೆ. ಕಾಯಂ ಆದೇಶವನ್ನು ಲಕೋಟೆಗೆ ಹಾಕಿ ಜೇಬಿನಲ್ಲಿಟ್ಟುಕೊಂಡಿದ್ದೇನೆ, ವಾಪಸು ಕೊಡಬೇಕಾಗಿ ಬಂದರೆ ಹುಡುಕುವುದು ಬೇಡ.

ನಾಡಿದ್ದು ಹಡಗಿನಲ್ಲಿ ಹೊರಡುತ್ತೇನೆ, ಈ ಕಾಗದ ನನಗಿಂತ ಮುಂಚೆ ತಲುಪುತ್ತದೆ. ಅವಳಿಗೆ ಹೇಳು. ದರ್ಜಿಗೆ ಏನೂ ಹೇಳಬೇಡ, ಅದು ನಿನ್ನ ಕೆಲಸವಲ್ಲ.

ಬಸ್ಸು ಇಳಿದು ಮೊದಲು ಅವನ ಅಂಗಡಿಗೆ ಹೋಗುತ್ತೇನೆ, ಮನೆಗೆ ಆಮೇಲೆ. ಎಲ್ಲವನ್ನೂ ಹೇಳಿದ ಮೇಲೆ ಅವನು ಕತ್ತರಿ ಎಸೆದರೂ ಸರಿ, ಕೊರಳಪಟ್ಟಿ ಹಿಡಿದರೂ ಸರಿ. ಹೇಳುವ ಮುಂಚೆಯೇ, ಸಿಸ್ಟರಿನ ತಮ್ಮ ಬಂದ ಎಂದು ಎದ್ದು ನಿಂತು ನನಗೆ ಕೈಮುಗಿದುಬಿಡುತ್ತಾನೇನೋ ಎಂದು ಭಯವಾಗುತ್ತಿದೆ, ಅಕ್ಕ.

ಗುಂಡ